ಸೊನ್ನೆ ತಪ್ಪುಗಳ ಸೀಸನ್

೧

ಚೆಂಡಿನಿಂದ ಆರಂಭಿಸಲೇ, ಪುಸ್ತಕದಿಂದ ಆರಂಭಿಸಲೇ?

ಚೆಂಡಿನಿಂದಾದರೆ ಮೊದಲ ವಾಕ್ಯ ಸಿದ್ಧವಾಗಿದೆ: ‘ಸತ್ಯನಾರಾಯಣ ಎಸೆದ ಚೆಂಡು ಟೂಂಗಾಬಿಯ ಮೈದಾನವನ್ನು ಅಡ್ಡಹಾಯ್ದು ಮೊದಲ ಬೇಸಿನತ್ತ ಹಾರುತ್ತಿತ್ತು, ಅಲ್ಲಿ ದೂಮಪ್ಪ ಕೈಗವಸು ಚಾಚಿ ನಿಂತಿದ್ದರು.’ ವಾರಪತ್ರಿಕೆಗಳಿಗೆ ಇಪ್ಪತ್ತು ವರ್ಷ ಧಾರಾವಾಹಿ ಬರೆದ ಕೈ ನನ್ನದು. ಚೆಂಡು ಗಾಳಿಯಲ್ಲಿರುವಾಗಲೇ ಕಂತು ಮುಗಿಸುವುದು ಅದಕ್ಕೆ ರೂಢಿ. ಆದರೆ ಆ ಚೆಂಡು ಕೆಳಗಿಳಿದು ಹದಿನೈದು ವರ್ಷಗಳಾದವು. ಅದು ಬಿದ್ದದ್ದು ಯಾರ ತಪ್ಪಿನಿಂದ ಎಂಬುದೇ ಇಲ್ಲಿಯ ತಕರಾರು. ಬಿದ್ದ ಚೆಂಡನ್ನು ಹಾರಿಸಿ ಓದುಗರನ್ನು ಹಿಡಿದಿಡುವುದು ಮೋಸವಾಗುತ್ತದೆ.

(ಮೋಸ ಮಾಡಿ ಅಭ್ಯಾಸವಿಲ್ಲವೆಂದಲ್ಲ. ಈ ಕಥೆಯ ನಾಯಕಿ ಒಪ್ಪುವುದಿಲ್ಲ.)

ಹಾಗಾಗಿ ಪುಸ್ತಕದಿಂದ.

೨

ಮಂಗಳವಾರ ಸಂಜೆ ಕುಸುಮಾವತಿ ಗ್ಯಾರೇಜಿನ ಮೇಲಿನ ಶೆಲ್ಫಿನಿಂದ ಒಂದು ಪ್ಲಾಸ್ಟಿಕ್ ಡಬ್ಬವನ್ನು ಇಳಿಸಿದರು. ಅದರೊಳಗೆ ‘ಟೂಂಗಾಬಿ ಕರಾವಾಂಗ್ಸ್’ ಎಂಬ ಬೇಸ್‌ಬಾಲ್ ತಂಡದ ಸ್ಕೋರ್‌ಬುಕ್‌ಗಳಿದ್ದವು, ಕೋವಿಡ್ ವರ್ಷವೊಂದನ್ನು ಬಿಟ್ಟು ಪ್ರತಿ ಸೀಸನ್‌ಗೆ ಒಂದರಂತೆ. ಆಸ್ಟ್ರೇಲಿಯದ ಚಳಿಗಾಲದಲ್ಲಿ ಕ್ರಿಕೆಟ್ ಇಲ್ಲದೆ ಕೈ ಕಡಿಯುತ್ತಿದ್ದ ಒಂದಷ್ಟು ಕನ್ನಡಿಗರು ೨೦೦೮ರಲ್ಲಿ ಕಟ್ಟಿಕೊಂಡು, ಅಲ್ಲಿನ ಕಪ್ಪು ಹಕ್ಕಿಯೊಂದರ ಹೆಸರಿಟ್ಟ ತಂಡವದು. ಕುಸುಮಾವತಿ ಅದರ ಸ್ಕೋರರ್. ವಯಸ್ಸು ಐವತ್ತನಾಲ್ಕು, ಉಡುಪಿಯ ಕಡೆಯವರು. ಉದ್ಯೋಗ ಪೆಥಾಲಜಿ ಲ್ಯಾಬಿನಲ್ಲಿ. ಲೇಬಲ್ ತಪ್ಪಿದರೆ ಒಬ್ಬರ ರಕ್ತ ಇನ್ನೊಬ್ಬರದಾಗಿಬಿಡುವ ಕೆಲಸ. ಪೆನ್ಸಿಲನ್ನು ಅವರಷ್ಟು ಚೂಪಾಗಿ ಹೆರೆಯುವವರನ್ನು ನಾನು ಸೃಷ್ಟಿಸಿದ್ದು ಇದೇ ಮೊದಲು.

ಡಬ್ಬ ಇಳಿಯಲು ಕಾರಣ ಸಿಂಚನಾ. ಇಪ್ಪತ್ನಾಲ್ಕರ ಈ ಹುಡುಗಿ ತಂಡದ ಕಾರ್ಯದರ್ಶಿ. ಕ್ಲಬ್‌ಹೌಸಿನ ಗೋಡೆಗೆ ಹೊಸದೊಂದು ಮರದ ಹಲಗೆ ಬರುವುದಿತ್ತು. ಮೈದಾನದ ಒಂಬತ್ತು ಸ್ಥಾನಗಳಿಗೆ, ಒಂದೊಂದಕ್ಕೂ ತಂಡದ ಚರಿತ್ರೆಯ ಶ್ರೇಷ್ಠ ಸೀಸನ್, ಅದನ್ನು ಆಡಿದವರ ಹೆಸರು. ಎಂಟು ಹೆಸರುಗಳಿಗೆ ಸಮಿತಿಯ ಒಪ್ಪಿಗೆ ಸಿಕ್ಕಿತ್ತು. ಒಂಬತ್ತನೆಯದಾದ ಫಸ್ಟ್ ಬೇಸ್‌ನಲ್ಲಿ ಪೈಪೋಟಿಗೆ ಮೂವರಿದ್ದರು, ಆ ಮೂವರಲ್ಲಿ ಒಬ್ಬಳು ಸ್ವತಃ ಸಿಂಚನಾ. ಅದಕ್ಕೇ ತೀರ್ಮಾನವನ್ನು ಸ್ಕೋರರ್‌ಗೆ ಬಿಟ್ಟರು. ಬಣ್ಣದಲ್ಲಿ ಹೆಸರು ಬರೆಯುವವನು ಸೋಮವಾರ ಬೆಳಗ್ಗೆ ಬರುತ್ತಾನೆ, ಭಾನುವಾರ ಮಧ್ಯಾಹ್ನದೊಳಗೆ ಉತ್ತರ ಬೇಕು ಎಂದು ಆಕೆಯ ಸಂದೇಶ. ಕೊನೆಯ ಸಾಲು: ‘ಆಂಟಿ, ಜಸ್ಟ್ ದ ನಂಬರ್ಸ್ ಪ್ಲೀಸ್. ನೋ ಫೀಲಿಂಗ್ಸ್.’

ಆಂಟಿಗೆ ನಗು ಬರಲಿಲ್ಲ. ಉಳಿದಿಬ್ಬರಲ್ಲಿ ಒಬ್ಬರು ಆಂಟಿಯ ಗಂಡ.

೨ (ತಿದ್ದಿದ್ದು)

ಈ ಕಥೆಯ ಮೊದಲ ಕರಡನ್ನು ಓದಿದ ಗೆಳೆಯರೊಬ್ಬರು, ಬೇಸ್‌ಬಾಲ್ ಎಂದರೆ ಬೇಲಿ ಹಾಕಿದ ಲಗೋರಿಯೇ ಎಂದು ಕೇಳಿದರು. ಆದ್ದರಿಂದ ಒಂದು ಪ್ಯಾರಾ ಪಾಠ. ಬೇಡವಾದವರು ದಾಟಬಹುದು, ಆದರೆ ದಾಟಿದವರು ಮುಂದೆ ಕುಸುಮಾವತಿ ಒಂದು ಪುಸ್ತಕವನ್ನು ತೆರೆಯಲು ಏಕೆ ಹಿಂಜರಿದರು ಎಂದು ನನ್ನನ್ನು ಕೇಳಬಾರದು.

ವಜ್ರಾಕಾರದ ಮೈದಾನ, ನಾಲ್ಕು ಮೂಲೆ. ಚೆಂಡನ್ನು ಬಾರಿಸಿದವರು ಮೊದಲ ಮೂಲೆಗೆ, ಅಂದರೆ ಫಸ್ಟ್ ಬೇಸ್‌ಗೆ ಓಡಬೇಕು. ಅವರು ತಲುಪುವ ಮೊದಲೇ ಚೆಂಡು ಅಲ್ಲಿ ತಲುಪಿದರೆ ಔಟ್. ಅಲ್ಲಿ ಒಂದು ಕಾಲನ್ನು ಬೇಸಿನ ಮೇಲಿಟ್ಟು, ಎಲ್ಲ ದಿಕ್ಕಿನಿಂದ ಬರುವ ಎಸೆತಗಳನ್ನು ಹಿಡಿಯುತ್ತ ನಿಲ್ಲುವವರೇ ಫಸ್ಟ್ ಬೇಸ್‌ಮನ್. ಅತಿ ಹೆಚ್ಚು ಎಸೆಯುವವನು ಶಾರ್ಟ್‌ಸ್ಟಾಪ್, ಎರಡು ಮತ್ತು ಮೂರನೆಯ ಮೂಲೆಗಳ ನಡುವೆ ನಿಲ್ಲುವವನು. ಕ್ರಿಕೆಟಿನ ಸ್ಕೋರ್‌ಬುಕ್ಕಿನಲ್ಲಿ ಕೈಬಿಟ್ಟ ಚೆಂಡಿಗೆ ಗುರುತೇ ಇರುವುದಿಲ್ಲ; ಮರುದಿನಕ್ಕೆ ಮರೆತುಹೋಗುತ್ತದೆ. ಬೇಸ್‌ಬಾಲ್ ಕ್ಷಮಿಸುವ ಆಟವಲ್ಲ. ಅದರಲ್ಲಿ ‘ಎರರ್’ ಎಂಬ ಕಲಮು ಉಂಟು, ಸಿಗಬೇಕಾದ ಔಟ್ ಕೈತಪ್ಪಿದಾಗ ಆ ತಪ್ಪನ್ನು ಒಬ್ಬರ ಹೆಸರಿಗೆ ಬರೆಯಲೇಬೇಕು. ಎಸೆದವನ ಹೆಸರಿಗೋ, ಹಿಡಿಯಬೇಕಾದವನ ಹೆಸರಿಗೋ? ಅದನ್ನು ನಿರ್ಧರಿಸುವುದು ಸ್ಕೋರರ್. ಮೈದಾನದ ಹೊರಗೆ ಮಡಚುವ ಕುರ್ಚಿಯಲ್ಲಿ, ಕಾಲಿಗೆ ಕಂಬಳಿ ಸುತ್ತಿಕೊಂಡು ಕುಳಿತವರು.

ಪಾಠ ಮುಗಿಯಿತು.

೩

ಈಗ ಮೂರು ಸೀಸನ್.

ದೂಮಪ್ಪ, ೨೦೧೦. ಕುಸುಮಾವತಿಯವರ ಗಂಡ. ಸೂಪರ್‌ಮಾರ್ಕೆಟ್‌ಗಳ ಕೋಲ್ಡ್‌ರೂಮ್ ರಿಪೇರಿ ಮಾಡುವ ಮೆಕ್ಯಾನಿಕ್. ಆರಡಿ ಎರಡಂಗುಲ ಎತ್ತರ, ಆಗ ನಲವತ್ತಮೂರು ವಯಸ್ಸು. ಬ್ಯಾಟಿಂಗ್ ಸಾಧಾರಣ. ಆದರೆ ಹದಿನೆಂಟು ಪಂದ್ಯಗಳಲ್ಲಿ ಎರರ್‌ಗಳ ಸಂಖ್ಯೆ: ಸೊನ್ನೆ. ಆ ಲೀಗಿನ ಫಸ್ಟ್ ಬೇಸ್‌ನಲ್ಲಿ ಅಂಥ ಸೊನ್ನೆ ಬೇರೊಂದಿಲ್ಲ. ಆ ಸೊನ್ನೆ ಟೂಂಗಾಬಿಯ ಗಣೇಶನ ಹಬ್ಬದ ಊಟದ ಪಂಕ್ತಿಗಳಲ್ಲಿ ಈಗಲೂ ಮಾತಿಗೆ ಬರುತ್ತದೆ. ಸುಮ್ಮನಿದ್ದು ಮುಗುಳ್ನಗುವುದು ದೂಮಪ್ಪನವರ ಪದ್ಧತಿ.

ಸತ್ಯನಾರಾಯಣ, ೨೦೧೩. ಮೈಸೂರಿನವರು, ಆಗ ಟೂಂಗಾಬಿಯ ಹತ್ತಿರದ ನಾರ್ವೆಸ್ಟ್‌ನಲ್ಲಿ ಐಟಿ ಕೆಲಸ, ಈಗ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಮನೆ. ೨೦೧೦ರಲ್ಲಿ ಅವರು ಶಾರ್ಟ್‌ಸ್ಟಾಪ್. ಆ ವರ್ಷ ಅವರ ಹೆಸರಿಗೆ ಹದಿನಾಲ್ಕು ಎರರ್. ‘ನಿನ್ನದು ಎಸೆಯುವ ಕೈಯಲ್ಲ’ ಎಂದು ಕೋಚ್ ಅವರನ್ನು ಬೇಲಿಯ ಪಕ್ಕಕ್ಕೆ, ಚೆಂಡು ಅಪರೂಪಕ್ಕೆ ಬರುವಲ್ಲಿಗೆ, ಕಳಿಸಿಬಿಟ್ಟರು. ಎರಡು ವರ್ಷ ಅಲ್ಲಿ ಮ್ಯಾಗ್‌ಪೈ ಹಕ್ಕಿಗಳ ಜೊತೆ ಕಳೆದರು. ಅಷ್ಟರಲ್ಲಿ ದೂಮಪ್ಪನವರ ಮಂಡಿ ಕೈಕೊಟ್ಟಿತು. ಎಸೆಯುವ ಅಗತ್ಯವೇ ಕಡಿಮೆಯಿರುವ ಜಾಗ ಎಂದು ಸತ್ಯನಾರಾಯಣರನ್ನು ಫಸ್ಟ್ ಬೇಸ್‌ಗೆ ತಂದರು. ಹತ್ತು ಸಲ ಬ್ಯಾಟ್ ಹಿಡಿದರೆ ನಾಲ್ಕು ಸಲ ಹಿಟ್. ಎರರ್ ನಾಲ್ಕು. ಆ ವರ್ಷ ಮೊದಲ ಬಾರಿಗೆ ತಂಡ ಫೈನಲ್ ಮುಟ್ಟಿತು.

ಸಿಂಚನಾ, ೨೦೨೪. ಎಡಗೈ, ಈ ಜಾಗಕ್ಕೆ ಅದು ವರ. ಎರರ್ ಎರಡು. ಬ್ಯಾಟ್ ಹಿಡಿದ ಸಲಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಲ ಬೇಸ್ ತಲುಪಿದ್ದಾಳೆ. ವಾಟ್ಸಾಪ್ ಗುಂಪಿನಲ್ಲಿ ಅಂಕಲ್‌ಗಳು ಇದನ್ನು ‘ಒಳ್ಳೆಯ ಪ್ರಯತ್ನ’ ಎಂದು ಕರೆದಾಗ ಅವಳು ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗಿದ್ದಳು.

ಯಾರು ಶ್ರೇಷ್ಠರು? ಸಮಿತಿಯ ಒಲವು ಸೊನ್ನೆಯ ಕಡೆಗಿತ್ತು. ಸೊನ್ನೆಯೊಡನೆ ವಾದ ಮಾಡುವುದು ಕಷ್ಟ.

೪

ಕುಸುಮಾವತಿ ೨೦೧೦ರ ಪುಸ್ತಕವನ್ನು ತೆರೆಯಲಿಲ್ಲ.

ಉಳಿದೆಲ್ಲವನ್ನೂ ತೆರೆದರು. ಮಂಗಳವಾರ, ಬುಧವಾರ ಬೇರೆ ವರ್ಷಗಳ ಮೊತ್ತಗಳನ್ನು ಕೂಡಿದರು, ಸರಿ ಬಂದುದನ್ನು ಮತ್ತೆ ಕೂಡಿದರು. (ಇಂಥ ಕಡೆ ಧಾರಾವಾಹಿಕಾರ ಬಾಗಿಲು ಬಡಿಸುತ್ತಾನೆ. ನಾನೂ ಬಡಿಸಿ ನೋಡಿದೆ. ಡೆಲಿವರಿಯವನು ಪಾರ್ಸಲ್ ಇಟ್ಟುಹೋದ, ಅಷ್ಟೆ.) ಗುರುವಾರ ನಾನು ತಾಳ್ಮೆಗೆಟ್ಟು, ಯಾಕೆ ತೆರೆಯುತ್ತಿಲ್ಲ ಎಂದು ನೇರವಾಗಿ ಕೇಳಿದೆ.

“ನಿಮಗೆಂತ ಅವಸರ?” ಎಂದರು. “ಒಳಗೆ ಎಂತ ಉಂಟು ಅಂತ ನನಗೆ ಗೊತ್ತುಂಟು.”

ಗೊತ್ತಿತ್ತು. ಕುಸುಮಾವತಿ ಸ್ಕೋರ್ ಬರೆಯಲು ಕಲಿತದ್ದು ಊರಿನ ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ, ಅಣ್ಣನ ತಂಡಕ್ಕಾಗಿ, ಪೆಟ್ರೋಮ್ಯಾಕ್ಸ್ ಹೋಗಿ ಫ್ಲಡ್‌ಲೈಟ್ ಬಂದ ಕಾಲದಲ್ಲಿ. ಅಲ್ಲಿ ಎಸೆತ ಕೀಪರನನ್ನು ದಾಟಿತೆಂದರೆ ಓವರ್‌ಥ್ರೋ, ಬೈಗುಳವೆಲ್ಲ ಎಸೆದವನಿಗೆ. ೨೦೧೦ರಲ್ಲಿ ಅವರು ಮೊದಲ ಸಲ ಬೇಸ್‌ಬಾಲ್ ಪುಸ್ತಕ ಹಿಡಿದಾಗ ಎರರ್ ಕಲಮನ್ನು ಅದೇ ನ್ಯಾಯದಿಂದ ತುಂಬಿದರು: ಚೆಂಡು ಫಸ್ಟ್ ಬೇಸ್‌ನಲ್ಲಿ ನಿಲ್ಲಲಿಲ್ಲವೇ, ತಪ್ಪು ಎಸೆದವನದು. ನಿಯಮ ಹಾಗಿಲ್ಲ. ಎಸೆತ ನೆಟ್ಟಗೆ ಕೈಗೆ ಬಂದು, ಹಿಡಿಯುವವನು ಬಿಟ್ಟರೆ ತಪ್ಪು ಹಿಡಿಯುವವನದು. ಇದು ಅವರಿಗೆ ತಿಳಿದದ್ದು ೨೦೧೨ರಲ್ಲಿ, ಸ್ಕೋರರ್‌ಗಳ ಒಂದು ದಿನದ ಕೋರ್ಸಿನಲ್ಲಿ, ಮಧ್ಯಾಹ್ನದ ಸ್ಯಾಂಡ್‌ವಿಚ್‌ಗೆ ಸ್ವಲ್ಪ ಮುಂಚೆ. ಸ್ಯಾಂಡ್‌ವಿಚ್ ತಿನ್ನಲಾಗಲಿಲ್ಲ. ಅಂದಿನಿಂದ ಮುಂದಕ್ಕೆಲ್ಲ ಸರಿಯಾಗಿ ಬರೆದರು. ಹಿಂದಿನದನ್ನು ಡಬ್ಬಕ್ಕೆ ಹಾಕಿ, ಡಬ್ಬವನ್ನು ಶೆಲ್ಫಿಗೆ ಏರಿಸಿದರು.

ಶುಕ್ರವಾರ ಸಂಜೆ ಅಂತೂ ತೆರೆದರು. ಅಣ್ಣ ಕಲಿಸಿದ ಇನ್ನೊಂದು ಅಭ್ಯಾಸ ಅವರಿಗಿತ್ತು. ಚೆಂಡು ಕೈ ಮುಟ್ಟಿ ಬಿದ್ದರೆ ಆ ಚೌಕದ ಮೂಲೆಯಲ್ಲೊಂದು ಚುಕ್ಕೆ. ಪಂದ್ಯ ಮುಗಿದ ಮೇಲೆ ಕ್ಯಾಚ್ ಬಿಟ್ಟದ್ದಕ್ಕೆ ಯಾರನ್ನು ಬೈಯಬೇಕೆಂದು ತಿಳಿಯಲು. ಸತ್ಯನಾರಾಯಣರ ಹದಿನಾಲ್ಕು ಎರರ್‌ಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು.

ಚುಕ್ಕೆಗಳು ಒಂಬತ್ತು.

ಒಂಬತ್ತು ಸಲ ಆ ಮನುಷ್ಯ ಸರಿಯಾಗಿಯೇ ಎಸೆದಿದ್ದ. ಒಂಬತ್ತು ಸಲ ದೂಮಪ್ಪ ಬಿಟ್ಟಿದ್ದರು. ಲೀಗಿನಲ್ಲೇ ಬೇರೊಂದಿಲ್ಲದ ಆ ಸೊನ್ನೆಯನ್ನು ಆಡಿ ಗಳಿಸಿದವರು ದೂಮಪ್ಪನವರಲ್ಲ; ನಿಯಮ ಗೊತ್ತಿಲ್ಲದ ಅವರ ಹೆಂಡತಿ ಪೆನ್ಸಿಲಿನಲ್ಲಿ ಬರೆದಿದ್ದರು.

೫ (ಕೈಬಿಟ್ಟ ಕರಡು)

‘ಕುಸುಮಾವತಿ ಕಂಪಿಸುವ ಕೈಗಳಿಂದ ರಬ್ಬರನ್ನು ಎತ್ತಿಕೊಂಡರು. ಚುಕ್ಕೆಗಳನ್ನು ಅಳಿಸಿದರೆ...’

“ಅದೆಲ್ಲ ಬೇಡ,” ಎಂದರು ಕುಸುಮಾವತಿ. “ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಇದ್ದವಳು ನಾನು. ರಿಪೋರ್ಟ್ ಅಳಿಸ್ತೇನಾ? ನನಗೊಂದು ಫ್ಲೈಟ್ ಬರೆಯಿರಿ, ಮೆಲ್ಬರ್ನ್‌ಗೆ. ನಾಳೆ ಬೆಳಿಗ್ಗೆ ಹೋಗಿ ಸಂಜೆ ಬರುವ ಹಾಗೆ.”

ಫೋನಿನಲ್ಲೇ ಹೇಳಬಹುದಲ್ಲ ಎಂದೆ. ಇನ್ನೊಬ್ಬರ ಹೆಸರಿಗೆ ತಪ್ಪು ಬರೆದು ಹದಿನೈದು ವರ್ಷ ಹಾಗೇ ಬಿಟ್ಟವಳು ಅದನ್ನು ಫೋನಿನಲ್ಲಿ ಹೇಳುವುದೇ ಎಂದು ಕೇಳಿದರು. ನಾನು ಫ್ಲೈಟ್ ಬರೆದೆ. ಗಂಡನಿಗೆ, ವಸಂತಾಳ ಹತ್ತಿರ ತಂಡದ ಹಳೆಯ ಫೋಟೋಗಳಿವೆ, ತರುತ್ತೇನೆ ಎಂದರು. ಸುಳ್ಳಲ್ಲ, ಸತ್ಯನಾರಾಯಣರ ಹೆಂಡತಿ ವಸಂತಾಳ ಹತ್ತಿರ ಫೋಟೋಗಳು ನಿಜವಾಗಿ ಇದ್ದವು.

೬

ಗ್ಲೆನ್ ವೇವರ್ಲಿಗೆ ಟ್ರೇನು ಮುಗಿಯುತ್ತದೆ. ಕೊನೆಯ ಸ್ಟೇಷನ್ ಆದ್ದರಿಂದ ಎಲ್ಲಿ ಇಳಿಯಬೇಕೆಂಬ ಯೋಚನೆ ಇರಲಿಲ್ಲ, ಮಾತನ್ನು ಜೋಡಿಸಿಕೊಳ್ಳಲು ದಾರಿಯುದ್ದಕ್ಕೂ ಪುರಸೊತ್ತಿತ್ತು. ಜೋಡಿಸಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ವಸಂತಾ ಬಾಗಿಲು ತೆರೆದು, ಕಾಫಿ ಕೊಟ್ಟು, ಯಾವ ಬೀದಿಯ ಮಕ್ಕಳಿಗೆ ಯಾವ ಸ್ಕೂಲೆಂಬ ಝೋನ್ ವಿಚಾರ ಹೇಳಿ ಮುಗಿಸುವಷ್ಟರಲ್ಲಿ ಕುಸುಮಾವತಿ ಪುಸ್ತಕವನ್ನು ತೆರೆದು ಸತ್ಯನಾರಾಯಣರ ಮುಂದಿಟ್ಟಾಗಿತ್ತು.

ಅವರು ಕನ್ನಡಕ ಏರಿಸಿಕೊಂಡು ಚುಕ್ಕೆಗಳನ್ನು ನೋಡಿದರು. ಕುಸುಮಾವತಿ ವಿವರಿಸಿದರು. ಗಡಿಯಾರದ ಸದ್ದು ಕೇಳಿಸಿತು ಎಂದು ಬರೆಯಬೇಕೆಂದಿದ್ದೆ, ಆ ಮನೆಯಲ್ಲಿ ಸದ್ದು ಮಾಡುವ ಗಡಿಯಾರವಿರಲಿಲ್ಲ.

ಮೊದಲು ಮಾತಾಡಿದವರು ವಸಂತಾ. ಹಾಗಾದರೆ ಇವರಿಗೆ ಎಸೆಯೋಕೆ ಬರುತ್ತಾ ಎಂದು ಕೇಳಿದರು. ಹದಿನೈದು ವರ್ಷಗಳಿಂದ ತಮ್ಮ ಯಜಮಾನರು ಕಾರಿನ ಕೀ ಕೇಳಿದರೂ ಎಸೆಯದೆ ಎದ್ದು ಬಂದು ಕೈಗೆ ಕೊಡುತ್ತಾರೆಂದೂ, ಮಗನಿಗೆ ಚೆಂಡೆಸೆಯುವುದನ್ನು ಪಾರ್ಕಿನಲ್ಲಿ ತಾವೇ ಹೇಳಿಕೊಟ್ಟದ್ದೆಂದೂ, ಅದಕ್ಕೇ ಅವನ ಎಸೆತ ರಂಗೋಲಿ ಪುಡಿ ಉದುರಿಸುವ ಹಾಗಿದೆಯೆಂದೂ ಹೇಳಿದರು.

ಸತ್ಯನಾರಾಯಣ ನಕ್ಕರು. ಆಮೇಲೆ ವಕೀಲರ ಹಾಗೆ ಚೌಕಾಶಿಗೆ ಇಳಿದರು. ಒಂಬತ್ತರಲ್ಲಿ ಎರಡನ್ನು ತಾನು ಒಪ್ಪುವುದಿಲ್ಲ. ಆರನೆಯ ಪಂದ್ಯದ್ದು ನೆಲಕ್ಕೆ ಬಡಿದು ಪುಟಿದಿತ್ತು, ಹದಿಮೂರನೆಯದ್ದು ಮಳೆ ಬಂದ ದಿನ, ಚೆಂಡು ಒದ್ದೆ. ಏಳೇ ಸಾಕು. ಕುಸುಮಾವತಿ ಸೊಪ್ಪು ಹಾಕಲಿಲ್ಲ. ಚುಕ್ಕೆ ಇದ್ದರೆ ಚುಕ್ಕೆ. ತಪ್ಪನ್ನು ತನಗೆ ಬೇಕೆಂದು ಒಬ್ಬರು, ಕೊಡುವುದಿಲ್ಲವೆಂದು ಇನ್ನೊಬ್ಬರು, ಇಂಥ ಜಗಳವನ್ನು ನಾನು ಯಾವ ಕಂತಿನಲ್ಲೂ ಬರೆದಿರಲಿಲ್ಲ.

“ಬಿಡಿ ಕುಸುಮಾ ಅವ್ರೇ,” ಎಂದರು ಕೊನೆಗೆ. “ನೀವು ಹಂಗೆ ಬರೀದೆ ಇದ್ದಿದ್ರೆ ನಾನು ಫಸ್ಟ್ ಬೇಸ್‌ಗೇ ಬರ್ತಿರಲಿಲ್ಲ. ಹಲಗೆ ಮೇಲೆ ದೂಮಪ್ಪಣ್ಣನ ಹೆಸರೇ ಇರಲಿ. ಅವರಿಗೆ ಹೇಳಬೇಡಿ.”

“ನಿಮ್ಮ ಕೈ?”

“ಕೈ ಏನಾಗಿದೆ, ಟೈಪ್ ಮಾಡುತ್ತೆ.”

ಅದನ್ನು ಹೇಳುವಾಗ ಅವರು ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದರು. ಕುಸುಮಾವತಿ ಅದನ್ನು ಕಂಡರು. ಮನೆಯಲ್ಲಿ ಚೆಂಡಿದೆಯೇ ಎಂದು ವಸಂತಾರನ್ನು ಕೇಳಿದರು.

೬ರ ಉಳಿದ ಭಾಗ, ಎರಡು ಪಾಠಾಂತರಗಳಲ್ಲಿ

(ಅ) ಮನೆಯ ಮುಂದಿನ ಹುಲ್ಲಿನ ಪಟ್ಟಿ. ಸತ್ಯನಾರಾಯಣ ತೋಳನ್ನು ಹಿಂದಕ್ಕೆಳೆದು ಎಸೆದರು. ಚೆಂಡು ಪಕ್ಕದ ಮನೆಯ ಹಸಿರು ಮುಚ್ಚಳದ ಕಸದ ಬಿನ್‌ಗೆ ಬಡಿದು, ಬಿನ್ ಬಿದ್ದು, ಗ್ರೀಕ್ ಅಜ್ಜಿಯೊಬ್ಬರು ಹೊರಬಂದರು. ಪತ್ರಿಕೆಯ ಓದುಗರು ಇದನ್ನು ಇಷ್ಟಪಡುತ್ತಿದ್ದರು.

(ಆ) ಚೆಂಡು ನೆಟ್ಟಗೆ ಬಂತು. ಕಿವಿಯ ಪಕ್ಕದಿಂದ ಹೊರಟು, ಎಲ್ಲೂ ಬಾಗದೆ, ಇಪ್ಪತ್ತು ಹೆಜ್ಜೆ ಆಚೆ ನಿಂತಿದ್ದ ಕುಸುಮಾವತಿಯವರ ಎರಡು ಅಂಗೈಗಳ ನಡುವೆ ಬಡಿಯಿತು. ಉರಿ ತಡೆಯಲಾರದೆ ಅವರು ಬಿಟ್ಟರು. ಚೆಂಡು ಹುಲ್ಲಿನ ಮೇಲೆ ಉರುಳಿತು.

“ಇದು ನನ್ನದು,” ಎಂದರು ಕುಸುಮಾವತಿ, ಕೈ ಕೊಡವುತ್ತ. “ಬರೆದುಕೊಳ್ಳಿ.”

ಸತ್ಯನಾರಾಯಣ ಕೈ ಚಾಚಿದರು. ಚೆಂಡನ್ನು ವಾಪಸು ಕೇಳಿದರು. ಅವರು ಮತ್ತೆ ಎಸೆದರು, ಇನ್ನೊಮ್ಮೆ ಎಸೆದರು. ವಸಂತಾ ಒಳಗಿನಿಂದ ಮಗನನ್ನು ಕೂಗಿ ಕರೆದರು. ಕುಸುಮಾವತಿಗೆ ಟ್ರೇನಿನ ಹೊತ್ತಾಗಿತ್ತು. ಅವರು ತಿರುಗಿ ನೋಡಿದಾಗ ಅಪ್ಪ ಮಗನಿಗೆ ಇನ್ನೂ ಎಸೆಯುತ್ತಲೇ ಇದ್ದರು. ಫೋಟೋಗಳನ್ನು ತರುವುದು ಮರೆತೇಹೋಯಿತು.

ನಡೆದದ್ದು (ಆ).

೭

ಭಾನುವಾರ ಬೆಳಗಿನ ಹತ್ತು ಗಂಟೆ. ಟೂಂಗಾಬಿಯ ಮನೆಯ ಹಿತ್ತಲಲ್ಲಿ ದೂಮಪ್ಪ ನಲ್ಲಿಯ ಪಕ್ಕ ಮಣೆ ಹಾಕಿ ಮೀನು ಹೆಚ್ಚುತ್ತಿದ್ದರು. ಬಂಗುಡೆಯಲ್ಲ, ಬಂಗುಡೆಯ ಆಸ್ಟ್ರೇಲಿಯದ ದಾಯಾದಿ. ಕುಸುಮಾವತಿ ಪುಸ್ತಕ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದರು. ಸಿಂಚನಾಳಿಗೆ ಉತ್ತರ ಕೊಡಲು ಎರಡು ಗಂಟೆ ಉಳಿದಿತ್ತು.

ಇಲ್ಲಿ ನಾನು ಅವರಿಗೆ ಮೂರು ಅಂತ್ಯಗಳನ್ನು ತೋರಿಸಿದೆ. ಒಂದು: ಸತ್ಯನಾರಾಯಣರೇ ಬೇಡವೆಂದ ಮೇಲೆ ಸುಮ್ಮನಿರುವುದು; ದೂಮಪ್ಪನವರ ಹೆಸರು ಹಲಗೆಯೇರುವುದು, ಸಮಾರಂಭದಲ್ಲಿ ಚಪ್ಪಾಳೆಯ ನಡುವೆ ಕುಸುಮಾವತಿ ಒಬ್ಬರೇ ತಲೆ ತಗ್ಗಿಸುವುದು. ಎರಡು: ಗಂಡನಿಗೆ ಹೇಳದೆ ಸಿಂಚನಾಳಿಗೆ ತಿದ್ದಿದ ಅಂಕಿ ಕಳಿಸುವುದು. ಮೂರು: ಪುಸ್ತಕ ಕಳೆದುಹೋಗುವುದು. ಮೂರನೆಯದು ನನಗೆ ಬಹಳ ಹಿಡಿಸಿತ್ತು. ಪುಸ್ತಕ ಕಳೆದರೆ ಇನ್ನೂ ನಾಲ್ಕು ಕಂತು ಎಳೆಯಬಹುದು.

ಕುಸುಮಾವತಿ ಮೂರನ್ನೂ ಕೇಳಿಸಿಕೊಂಡು, ಮೆಟ್ಟಿಲಿಳಿದು ಗಂಡನ ಬಳಿ ಹೋದರು.

“ಇಲ್ಲಿ ನೋಡಿ. ೨೦೧೦ರಲ್ಲಿ ಸತ್ಯನಾರಾಯಣರ ಹೆಸರಿಗೆ ನಾನು ಹದಿನಾಲ್ಕು ಬರೆದಿದ್ದೇನೆ. ಅದರಲ್ಲಿ ಒಂಬತ್ತು ನಿಮ್ಮದು.”

ದೂಮಪ್ಪ ತಲೆಯೆತ್ತಲಿಲ್ಲ. ಚಾಕು ಒಂದು ಮೀನಿನ ಉದ್ದಕ್ಕೂ ನಿಧಾನವಾಗಿ ಹೋಯಿತು.

“ಹತ್ತು,” ಎಂದರು.

ಕುಸುಮಾವತಿ ಚುಕ್ಕೆಗಳನ್ನು ಮತ್ತೆ ಎಣಿಸಿದರು. (ನಾನೂ ಎಣಿಸಿದೆ. ಈ ಸಂಖ್ಯೆಯನ್ನು ನಾನು ಬರೆದಿರಲಿಲ್ಲ.) ದೂಮಪ್ಪ ಕೈ ತೊಳೆಯದೆಯೇ ಹೇಳತೊಡಗಿದರು. ಹದಿನೇಳನೆಯ ಪಂದ್ಯ, ಕೊನೆಯ ಸರದಿ. ಸತ್ಯನ ಎಸೆತ ಹಾಲಿನ ಹಾಗೆ ಬಂತು. ಗವಸಿನ ಬುಡಕ್ಕೆ ಬಡಿದು ಕಾಲಿನ ಸಂದಿಯಲ್ಲಿ ಹೋಯಿತು. ಕುಸುಮಾ ಆಗ ಪಕ್ಕದವರಿಗೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು, ಬಿದ್ದ ಚೆಂಡನ್ನಷ್ಟೇ ನೋಡಿದಳು. ಅದಕ್ಕೇ ಅದಕ್ಕೆ ಚುಕ್ಕೆಯಿಲ್ಲ. ಉಳಿದ ಒಂಬತ್ತೂ ಅವರಿಗೆ ನೆನಪಿದ್ದವು. ಪಂದ್ಯ ಮುಗಿದ ಮೇಲೆ ಪ್ರತಿ ಸಲ ಪುಸ್ತಕದತ್ತ ಕಣ್ಣು ಹಾಯಿಸುತ್ತಿದ್ದರು, ಪ್ರತಿ ಸಲ ತನ್ನ ಸಾಲಿನಲ್ಲಿ ಸೊನ್ನೆ ಕಾಣುತ್ತಿತ್ತು.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕುಸುಮಾವತಿ ಕೇಳಿದರು.

“ಹೇಗೆ ಹೇಳುವುದು?” ಎಂದರು ದೂಮಪ್ಪ. “ಆ ವರ್ಷ ನನ್ನ ಕೆಲಸ ಹೋಗಿತ್ತು, ನೆನಪುಂಟಲ್ಲ? ಎಲ್ಲಿ ಹೋದರೂ ಬೇಡ ಅಂತಿದ್ದರು. ನೀನೊಬ್ಬಳು ಆ ಚಳಿಯಲ್ಲಿ ಕೂತು ನನಗೆ ಸೊನ್ನೆ ಹಾಕ್ತಿದ್ದಿ. ಹುಲ್ಲುಕಡ್ಡಿಯಷ್ಟು ಸುಳ್ಳು ಹೇಳದವಳು. ನನಗೋಸ್ಕರ ಹಾಕ್ತಿದ್ದಾಳೆ ಅಂತ ನಾನು ಸುಮ್ಮನಿದ್ದೆ. ಸತ್ಯನಿಗೆ ಅನ್ಯಾಯ ಅಂತ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಅದು ನನ್ನ ತಪ್ಪು, ನಿನ್ನದಲ್ಲ.”

ಹೀಗೆಂದು, ಸಿಂಚನಾಳಿಗೆ ಹತ್ತು ಎಂದೇ ಕಳಿಸು, ಸತ್ಯನಿಗೆ ನಾನೇ ಫೋನು ಮಾಡುತ್ತೇನೆ ಎಂದರು. ಹೆಸರು ಹಲಗೆಯ ಮೇಲೆ ಬರದಿದ್ದರೆ ತನಗೇನೂ ಇಲ್ಲ. ಆ ಸೊನ್ನೆ ತನಗೆ ಸಿಕ್ಕಿಯಾಗಿದೆ.

೮

ಓದುಗರೇ, ಹಲಗೆಯ ಪ್ರಶ್ನೆ ಇಲ್ಲಿಗೆ ಮುಗಿಯಿತು. ಕುಸುಮಾವತಿ ಅಲ್ಲೇ ನಿಂತು ಫೋನಿನಲ್ಲಿ ಅಂಕಿಗಳನ್ನು ಕಳಿಸಿದರು: ದೂಮಪ್ಪ ಹತ್ತು ಎರರ್, ಸತ್ಯನಾರಾಯಣ ಮತ್ತು ಸಿಂಚನಾ ಇದ್ದಂತೆಯೇ. ಅವರಿಬ್ಬರಲ್ಲಿ ಯಾರೆಂದು ಕೊನೆಯ ಸಾಲಿನಲ್ಲಿ ಬರೆದರು. ಫೋನಿನ ಪರದೆ ನನಗೆ ಕಾಣದ ಹಾಗೆ ಹಿಡಿದಿದ್ದರು. ಬೇಕಾದವರು ಕ್ಲಬ್‌ಹೌಸಿಗೆ ಹೋಗಿ ಓದಿಕೊಳ್ಳಬಹುದು.

ನನ್ನ ಗಮನ ಅಲ್ಲಿರಲಿಲ್ಲ. ಕುಸುಮಾವತಿ ಬಿಳಿಚಿಕೊಂಡಿದ್ದರು.

ಅವರು ದೂಮಪ್ಪನವರಿಗಾಗಿ ಸೊನ್ನೆ ಹಾಕಿರಲಿಲ್ಲ. ನಿಯಮ ಗೊತ್ತಿರಲಿಲ್ಲ, ಅಷ್ಟೆ. ದೂಮಪ್ಪನವರ ಜಾಗದಲ್ಲಿ ಬೇರೆ ಯಾರು ನಿಂತಿದ್ದರೂ ಅದೇ ಸೊನ್ನೆ ಬೀಳುತ್ತಿತ್ತು. ಹದಿನೈದು ವರ್ಷ ಈ ಮನುಷ್ಯ ಹೆಂಡತಿಯ ಪ್ರೀತಿಯೆಂದು ಎದೆಯಲ್ಲಿಟ್ಟುಕೊಂಡದ್ದು ಒಂದು ತಿಳಿಗೇಡಿತನವನ್ನು.

ಹೇಳಬೇಡಿ ಎಂದೆ. ಬೇಡಿಕೊಂಡೆ ಎಂದರೂ ಸರಿಯೇ. ಇಂಥ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ. ಸತ್ಯನಾರಾಯಣರಿಗೆ ಅವರ ಕೈ ಮರಳಿತು, ಹಲಗೆಗೆ ಹೆಸರು ಸಿಕ್ಕಿತು. ಗಂಡನ ಮುಖ ಎಷ್ಟು ಹಗುರಾಗಿದೆ ನೋಡಿ. ಇಲ್ಲಿ ಒಂದು ಚುಕ್ಕೆಯಿಟ್ಟು ಮುಗಿಸಿಬಿಡೋಣ. ಇದಕ್ಕಿಂತ ಒಳ್ಳೆಯ ಅಂತ್ಯವನ್ನು ನಾನು ಬರೆದದ್ದಿಲ್ಲ, ಬರೆಯಲಾರೆ.

“೨೦೧೨ರಲ್ಲಿ ಗೊತ್ತಾದ ಮೇಲೆ ಸುಮ್ಮನಿದ್ದೆನಲ್ಲ,” ಎಂದರು ಕುಸುಮಾವತಿ, ನನಗೆ ಮಾತ್ರ ಕೇಳುವ ಹಾಗೆ. “ಅದು ಅವರಿಗೋಸ್ಕರವೇ. ಆದರೆ ಅವರು ಇಟ್ಟುಕೊಂಡಿರುವುದು ಅದನ್ನಲ್ಲ.”

ಆಮೇಲೆ ಗಂಡನ ಎದುರು ಕುಕ್ಕರುಗಾಲಿನಲ್ಲಿ ಕುಳಿತರು.

“ನನಗೆ ರೂಲ್ ಗೊತ್ತಿರಲಿಲ್ಲ,” ಎಂದರು. “ಕ್ರಿಕೆಟಿನ ಹಾಗೆ ಬರೆದದ್ದು. ನಿಮಗೋಸ್ಕರ ಅಲ್ಲ.”

ಚಾಕು ನಿಂತಿತು. ನೀರು ಮಣೆಯ ಮೇಲೆ ಹರಿಯುತ್ತಿತ್ತು. ದೂಮಪ್ಪ ಮೊದಲ ಬಾರಿಗೆ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು. ನಾನು ಪೆನ್ನು ಸರಿಮಾಡಿಕೊಂಡೆ.

ಕುಸುಮಾವತಿ ನನ್ನ ಕಡೆ ತಿರುಗಿದರು.

“ನೀವಿನ್ನು ಹೊರಡಿ ಮಾರಾಯ್ರೆ. ಫಸ್ಟ್ ಬೇಸಿನ ಕಥೆ ಮುಗಿಯಿತಲ್ಲ?”

ಓದುಗರು ಕೇಳುತ್ತಾರೆ ಎಂದೆ. ಕೇಳಲಿ ಎಂದರು. ಬೇಲಿಯ ಬಾಗಿಲನ್ನು ಅವರೇ ತೆರೆದು ಹಿಡಿದರು. ಪಾತ್ರವೊಂದು ಲೇಖಕನನ್ನು ಹೀಗೆ ಹೊರಗೆ ಹಾಕಬಹುದೆಂದು ಯಾವ ಸಂಪಾದಕರೂ ನನಗೆ ಹೇಳಿಕೊಟ್ಟಿರಲಿಲ್ಲ.

೯

ಬೇಲಿ ಆರಡಿ ಎತ್ತರದ ತಗಡಿನದು. ನಾನು ಐದೂವರೆ. ಫುಟ್‌ಪಾತಿನಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ಹೆಂಗಸು ನನ್ನನ್ನು ಅನುಮಾನದಿಂದ ನೋಡಿ ಗುಡ್‌ಮಾರ್ನಿಂಗ್ ಎಂದಳು. ಒಳಗೆ ನೀರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ದೂಮಪ್ಪ ಎದ್ದುಹೋದರು ಎಂದು ಬರೆಯಬಹುದಿತ್ತು. ನಕ್ಕುಬಿಟ್ಟರು ಎಂದೂ ಬರೆಯಬಹುದಿತ್ತು. ಎರಡಕ್ಕೂ ವಾಕ್ಯಗಳು ನನ್ನ ಬಳಿ ಸಿದ್ಧವಾಗಿದ್ದವು, ಕಂತಿನ ಅಳತೆಗೆ ಕತ್ತರಿಸಿಟ್ಟವು.

ಅಷ್ಟರಲ್ಲಿ ನಲ್ಲಿಯನ್ನು ಯಾರೋ ತಿರುಗಿಸಿ ನಿಲ್ಲಿಸಿದರು. ದೂಮಪ್ಪನವರ ಧ್ವನಿ ಸ್ಪಷ್ಟವಾಗಿಯೇ ಕೇಳಿಸಿತು. ಒಂದು ಮಾತಲ್ಲ, ನಾಲ್ಕೈದು ವಾಕ್ಯ. ಕುಸುಮಾವತಿ ಏನೋ ಕೇಳಿದರು, ಅವರು ಉತ್ತರಿಸಿದರು. ನಾನು ತಗಡಿಗೆ ಕಿವಿಯಿಟ್ಟು ನಿಂತೆ, ಒಂದಕ್ಷರವೂ ತಪ್ಪಿಹೋಗದ ಹಾಗೆ.

ಇಷ್ಟು ಹೊತ್ತು ಅವರಿಬ್ಬರೂ ನನಗೋಸ್ಕರ ಕನ್ನಡದಲ್ಲಿ ಮಾತಾಡುತ್ತಿದ್ದರು. ನಾನು ಹೊರಬಿದ್ದ ಮೇಲೆ ತುಳುವಿಗೆ ಹೋಗಿದ್ದರು.

ನನಗೆ ತುಳು ಬರುವುದಿಲ್ಲ.